ಕುದುರೆಯ ಜೂಲಿಗೆ ಕತ್ತರಿ

ಕುದುರೆಯ ಹಣೆಗೂದಲಿಗೂ ಒಳಿತಿಗೂ ಕಿಯಾಮತ್‌ವರೆಗೆ ನಂಟಿದೆಯೆಂದು ಪ್ರವಾದಿವರ್ಯರು(ಸ) ತಿಳಿಸಿದ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ನಿಮ್ಮಲ್ಲಿ ಹಲವರು ಅದನ್ನು ಕೇಳಿರುತ್ತೀರಿ. ಅಬೂದಾವೂದ್‌ನಲ್ಲಿ ಇರುವ ಇನ್ನೊಂದನ್ನು ಮಿಂಬರಿನ ಮೇಲೆ ನಾವು ಅಪರೂಪಕ್ಕೆ ಹೇಳುತ್ತೇವೆ. ಸಹಾಬಿ ಉತ್ಬಾ ಬಿನ್ ಅಬ್ದ್ ಅಸ್ಸುಲಮೀ(ರ) ಅವರಿಂದ ಬಂದ ಆ ವರದಿ ಕುದುರೆಯ ಹಣೆಗೂದಲು, ಜೂಲು, ಬಾಲ ಮೂರನ್ನೂ ಕತ್ತರಿಸುವುದನ್ನು ತಡೆಯುತ್ತದೆ. ಕಾರಣವೂ ಅಲ್ಲೇ ಇದೆ: ಬಾಲದಿಂದ ಅದು ನೊಣ ಓಡಿಸಿಕೊಳ್ಳುತ್ತದೆ, ಜೂಲು ಅದಕ್ಕೆ ಬೆಚ್ಚಗಿನ ಹೊದಿಕೆ. ಸನದಿನಲ್ಲಿ ಹೆಸರಿಲ್ಲದ ವರದಿಗಾರನಿದ್ದಾನೆಂದು ಇದನ್ನು ದುರ್ಬಲವೆಂದ ವಿದ್ವಾಂಸರಿದ್ದಾರೆ. ಆದರೆ ಹುಲೇಕಲ್‌ನ ಮಳೆಗಾಲದಲ್ಲಿ ಕೊಟ್ಟಿಗೆಯಲ್ಲಿ ದನ ಕಟ್ಟಿದವರಿಗೆ ಆ ಕಾರಣವನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಜಿಲ್ಲೆಗೂ ಕುದುರೆಗೂ ಹಳೆಯ ಲೆಕ್ಕವಿದೆ. ಅರಬ್ ನಾಡು, ಹುರ್ಮುಜ್‌ಗಳಿಂದ ಹಡಗೇರಿ ಬಂದ ಕುದುರೆಗಳು ಭಟ್ಕಳ, ಹೊನ್ನಾವರದಲ್ಲಿ ಇಳಿದು ವಿಜಯನಗರದತ್ತ ಘಟ್ಟ ಹತ್ತುತ್ತಿದ್ದವು. ಘಟ್ಟದ ಮೇಲಿನ ಕಾಳುಮೆಣಸು ಬಂದರಿಗೆ ಇಳಿಯುತ್ತಿತ್ತು. 16ನೇ ಶತಮಾನದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಒಂದು ಸಂಗತಿ ಬರೆದಿಟ್ಟಿದ್ದಾನೆ. 1485ರ ಸುಮಾರಿಗೆ ಪಟ್ಟವೇರಿದ ಸಾಳುವ ನರಸಿಂಹ, ಪರ್ದಾವ್ ಎಂಬ ಹೊನ್ನಿನ ನಾಣ್ಯ ಸಾವಿರಕ್ಕೆ ಮೂರರಂತೆ ಕುದುರೆ ಕೊಳ್ಳುತ್ತಿದ್ದನಂತೆ. ಕಡಲಲ್ಲೇ ಸತ್ತ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೂ ಸಾಕು, ಜೀವಂತ ಕುದುರೆಯ ಬೆಲೆಯೇ ಸಿಗುತ್ತಿತ್ತು!

ನೊಣ ಓಡಿಸಲೆಂದು ಅಲ್ಲಾಹನು ಕೊಟ್ಟ ಬಾಲ ಅಲ್ಲಿ ರಸೀದಿಯಾಯಿತು. ವ್ಯಾಪಾರಿಗಳಿಗೆ ಎಷ್ಟು ಲಾಭವಾಯಿತೆಂದು ನೂನಿಜ್ ಹೇಳುತ್ತಾನೆ. ಸತ್ತದ್ದಕ್ಕೂ ಅದೇ ದುಡ್ಡು ಎಂದಮೇಲೆ ನಡುಗಡಲಿನಲ್ಲಿ ಬಾಯಾರಿದ ಕುದುರೆಗೆ ತನ್ನ ಪಾಲಿನ ನೀರು ಕುಡಿಸುವವರು ಎಷ್ಟು ಜನ ಎಂದು ನಾವು ಕೇಳಬೇಕಾಗುತ್ತದೆ. ಆ ವ್ಯಾಪಾರದಲ್ಲಿ ನಮ್ಮವರೂ ಬಹಳ ಮಂದಿ ಇದ್ದರು.

ಕುದುರೆಯ ಮೈ ತಿಕ್ಕಿ, ಜೂಲು ಬಾಚಿದವರ ಹೆಸರು ಮಾತ್ರ ಯಾರೂ ಬರೆಯಲಿಲ್ಲ. ಉಳಿದದ್ದು ಅವರ ಕಸುಬಿನ ಮಾತುಗಳು. ಲಾಯದ ಆಳಿಗೆ ನಾವನ್ನುವ ಸೈಸ್ ಅರಬಿಯ ಸಾಇಸ್. ಲಾಳ ಕಟ್ಟುವವನು ನಾಲಬಂದ, ಅದು ಇಂದಿಗೂ ನಮ್ಮ ಎಷ್ಟೋ ಮನೆತನಗಳ ಅಡ್ಡಹೆಸರು.

ಹಾಗಾದರೆ ಜೂಲನ್ನು ಮುಟ್ಟಲೇಬಾರದೇ? ಹಾಗಲ್ಲ. ಅದೇ ಅಬೂದಾವೂದ್‌ನಲ್ಲಿ ಕುದುರೆಯ ಹಣೆಗೂದಲನ್ನೂ ಹಿಂಭಾಗವನ್ನೂ ಸವರಿ ಆರೈಕೆ ಮಾಡಲು ಹೇಳಿದೆ. ನಮ್ಮ ಮಲೆನಾಡಿನಲ್ಲಿ ಜೂಲಿನ ಬುಡದಲ್ಲಿ ಉಣುಗು ಕೂರುತ್ತದೆ. ಬಾಚಿ, ಸಿಕ್ಕು ಬಿಡಿಸಿ, ಅದನ್ನು ಕಿತ್ತು ತೆಗೆಯಲೇಬೇಕು. ಗಾಯವಾದಲ್ಲಿ ಮದ್ದು ಹಚ್ಚಲು ಅಷ್ಟು ಕೂದಲು ತೆಗೆದರೆ ಅದು ಕುದುರೆಯ ಒಳ್ಳೆಯದಕ್ಕೇ. ಪೋಲೋ ಆಟದವರು ಕೋಲಿಗೆ ತೊಡಕಾಗದಿರಲೆಂದು ಜೂಲನ್ನು ಪೂರ್ತಿ ಬೋಳಿಸುತ್ತಾರೆ. ಅದು ಆಡುವವನ ಅನುಕೂಲ. ಮದುವೆ ಮೆರವಣಿಗೆಯ ಬಾಡಿಗೆ ಕುದುರೆ ಫೋಟೋದಲ್ಲಿ ಚೆಂದ ಕಾಣಲೆಂದು ಜೂಲಿಗೆ ಕತ್ತರಿ ಹಾಕಿಸುವ ವರನ ಕಡೆಯವರಿಗೆ ಆ ನೆಪವೂ ಇಲ್ಲ. ಮೆರವಣಿಗೆ ಒಂದು ತಾಸಿಗೆ ಮುಗಿಯುತ್ತದೆ, ನೊಣ ಮರುದಿನವೂ ಬರುತ್ತದೆ.

ಇಮಾಮ್ ಮಾಲಿಕ್‌ರ ಮುವತ್ತಾದಲ್ಲಿ ಪ್ರವಾದಿವರ್ಯರು(ಸ) ತಮ್ಮ ಹೊದಿಕೆಯಿಂದಲೇ ಕುದುರೆಯ ಮುಖ ಒರೆಸುತ್ತಿದ್ದ ವರದಿಯಿದೆ. ಏಕೆಂದು ಕೇಳಿದವರಿಗೆ, ಕುದುರೆಗಳ ವಿಷಯದಲ್ಲಿ ಕಳೆದ ರಾತ್ರಿ ತಮಗೆ ಎಚ್ಚರಿಕೆ ಬಂದಿದೆಯೆಂದು ಅವರು ತಿಳಿಸಿದರು.