ತಕರಾರು

ಅರಬ್ಬಿಯ ‘ತಕ್ರಾರ್’ ಎಂದರೆ ಮತ್ತೆ ಮತ್ತೆ ಹೇಳುವುದು. ಫಾರಸಿ, ಮರಾಠಿ ಹಾದು ಕನ್ನಡಕ್ಕೆ ಬರುವಷ್ಟರಲ್ಲಿ ಅದು ಆಕ್ಷೇಪ, ಜಗಳ ಆಯಿತು. ನವಲಗುಂದದ ಕಡೆ ಬದುವಿನ ತಕರಾರು, ವಾಟ್ನಿ (ಆಸ್ತಿ ಪಾಲು) ತಕರಾರು. ತಹಸೀಲ್ದಾರ ಕಚೇರಿಗೆ ತಕರಾರು ಅರ್ಜಿ ಬಿತ್ತೆಂದರೆ ವಾರಸಾ ನೋಂದಣಿ ಅಲ್ಲಿಗೇ ನಿಂತಿತು. “ನಂದೇನ್ ತಕರಾರಿಲ್ಲ ಬಿಡ್ರಿ” ಅಂದವನೇ ಮರುದಿನ ಅರ್ಜಿ ಬರೆಸುವುದೂ ಉಂಟು.

ಮತ್ತೆ ಮತ್ತೆ ಹೇಳುವ ಆ ಮೂಲಾರ್ಥ ಮಹದಾಯಿ ನೀರು ತರುವ ಕಳಸಾ-ಬಂಡೂರಿ ಯೋಜನೆಯ ಜಗಳದಲ್ಲಿ ಇನ್ನೂ ಬದುಕಿದೆ. 2002ರಲ್ಲಿ ಕೇಂದ್ರ ಕೊಟ್ಟ ಒಪ್ಪಿಗೆ ಗೋವಾದ ತಕರಾರಿನಿಂದ ಅದೇ ವರ್ಷ ತಡೆಯಾಯಿತು. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ ಮಹದಾಯಿಯ 13.42 ಟಿಎಂಸಿ ಹಂಚಿದ ಮೇಲೂ ತಕರಾರು ಮುಗಿಯಲಿಲ್ಲ. ಒಂದು ಪಕ್ಷ ದಿಲ್ಲಿಯತ್ತ ಬೊಟ್ಟು ಮಾಡಿದರೆ ಇನ್ನೊಂದು ಬೆಂಗಳೂರಿನತ್ತ. ಕುರ್ಚಿ ಬದಲಾದರೆ ಮಾತೂ ಅದಲುಬದಲು. 2015ರಲ್ಲಿ ಧರಣಿ ಕೂತ ನರಗುಂದ, ನವಲಗುಂದದ ರೈತರಿಗೆ ಎರಡೂ ಕಡೆಯ ಭಾಷಣ ಬಾಯಿಪಾಠ.