ಏಕತಾರಿಯ ಸೀಮೆಗೆ ಗಿಟಾರ್
1817ರಲ್ಲಿ ಬೀದರ್ ಸೀಮೆಯಲ್ಲಿ ಮಾಣಿಕಪ್ರಭುಗಳು ಹುಟ್ಟಿದರು. ಅದೇ ವರ್ಷ ಸ್ಪೇನಿನಲ್ಲಿ ಆಂಟೋನಿಯೊ ದೆ ತೊರ್ರೆಸ್. ಪ್ರಭುಗಳು ಕನ್ನಡ, ಮರಾಠಿ, ಹಿಂದಿಗಳಲ್ಲಿ ಪದ ಕಟ್ಟಿದರು. ಬಡಗಿಯ ಕೆಲಸ ಕಲಿತ ತೊರ್ರೆಸ್ ಇಂದಿನ ಗಿಟಾರಿಗೆ ಅದರ ಆಕಾರ ಕೊಟ್ಟ.

ಭಾಲ್ಕಿಯ ಮೆಹಕರದಿಂದ ಔರಾದಿನವರೆಗಿನ ಈ ಗಡಿಸೀಮೆಯ ಭಜನೆಗೆ ಕಾರ್ಡ್ ಬೇಕಿರಲಿಲ್ಲ. ಏಕತಾರಿ ಷಡ್ಜ ಹಿಡಿದರೆ ಹಾಡು ನಿಲ್ಲುತ್ತಿತ್ತು. ಆಮೇಲೆ ಯುರೋಪಿನ ಹಾರ್ಮೋನಿಯಂ ಬಂತು. ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟರೂ ಭಜನೆಯವರು ಕೈಬಿಡಲಿಲ್ಲ.

ಈಗ ಗಿಟಾರಿನ ಸರದಿ. ಹೊಸಬರು ಮೊದಮೊದಲು ಹಿಡಿಯುವ ಕಾರ್ಡುಗಳಲ್ಲಿ ಇ ಮೈನರ್ ಒಂದು: ನಾಲ್ಕನೆಯ, ಐದನೆಯ ತಂತಿಗಳ ಎರಡನೇ ಫ್ರೆಟ್ಟಿನಲ್ಲಿ ಎರಡು ಬೆರಳು. 'ಇ'ಯನ್ನು ಷಡ್ಜವೆಂದುಕೊಂಡರೆ ಅದು ಸ, ಕೋಮಲ ಗ, ಪ. ಮೂರನೆಯ ತಂತಿಯ ಮೊದಲ ಫ್ರೆಟ್ಟಿನಲ್ಲಿ ಇನ್ನೊಂದು ಬೆರಳಿಟ್ಟರೆ ಗಾಂಧಾರ ಶುದ್ಧವಾಗುತ್ತದೆ. ಕಾರ್ಡ್ ಇ ಮೇಜರ್ ಆಗುತ್ತದೆ.

ಕೋಮಲ ಗಾಂಧಾರದ ಭೈರವಿಯ ಪದಕ್ಕೆ ಆ ಇನ್ನೊಂದು ಬೆರಳು ಬಿದ್ದರೆ ರಾಗದ ಮುಖವೇ ಕೆಡುತ್ತದೆ. ಹಾಗಾಗಿ ಹಳೆಯ ಪದಕ್ಕೆ ಗಿಟಾರ್ ಹಿಡಿಯುವವರು ಮೊದಲು ಹಾಡಿನ ಗಾಂಧಾರವನ್ನು ಕಿವಿಯಿಂದ ಹುಡುಕಬೇಕು. ಸಿಗುವ ತನಕ ಸ-ಪ ಎರಡನ್ನೇ ಮೀಟಿದರೂ ಹೆಚ್ಚಿನ ಪದಗಳು ನಡೆಯುತ್ತವೆ. ತಂಬೂರಿಯೂ ಅಷ್ಟನ್ನೇ ಮಾಡುತ್ತ ಬಂದಿದೆ.