ಬೆನ್ನು ನೆಟ್ಟಗಾದ ಮೇಲೆ

ನಮ್ಮ ಕೂಡ್ಲಿಗಿ, ಕೊಟ್ಟೂರು, ಹಡಗಲಿ ಕಡೆ ಗೂನುಬೆನ್ನನ್ನು ಹಣೆಬರಹವೆಂದು ಬಿಟ್ಟುಬಿಡುತ್ತಿದ್ದರು. ದೊಡ್ಡಾಸ್ಪತ್ರೆ ಅಂದರೆ ಬಳ್ಳಾರಿ; ಅಲ್ಲಿ ಮೆಡಿಕಲ್ ಕಾಲೇಜು ಬಂದದ್ದೇ 1961ರಲ್ಲಿ.

ಅತ್ತ 1962ರಲ್ಲಿ ಹ್ಯೂಸ್ಟನ್ನಿನ ಪಾಲ್ ಹ್ಯಾರಿಂಗ್ಟನ್ ಸ್ಟೀಲ್ ಕಂಬಿಯಿಂದ ಬೆನ್ನು ನೆಟ್ಟಗೆ ಮಾಡುವ ಬಗೆಯನ್ನು ಪ್ರಕಟಿಸಿದರು. ಕಂಬಿ ಎಳೆದಾಗ ಬೆನ್ನುಹುರಿ ಜಗ್ಗಿ ಕಾಲು ಸ್ವಾಧೀನ ತಪ್ಪಿದರೆ? ಅದಕ್ಕೆ 1973ರಲ್ಲಿ ಫ್ರಾನ್ಸಿನ ಸ್ಟಾಗ್ನಾರಾ ಮತ್ತು ಸಂಗಡಿಗರು ಹೇಳಿದ ಉಪಾಯ ಎದೆ ನಡುಗಿಸುವಂಥದ್ದು: ಆಪರೇಷನ್ ನಡುವೆಯೇ ರೋಗಿಯನ್ನು ಎಬ್ಬಿಸುವುದು!

ಥಿಯೇಟರ್ ನರ್ಸ್ ಆಗಿ ನಾನು ಅದನ್ನು ಕಂಡಿದ್ದೇನೆ. ಮಂಪರು ಇಳಿಸಿ, ಹಸಿರು ಬಟ್ಟೆಯ ಕೆಳಗೆ ಬಗ್ಗಿ, "ನನ್ ಕೈ ಹಿಡಿಯವ್ವಾ" ಅನ್ನಬೇಕು. ಹಿಡಿದರೆ ಮಾತು ಕೇಳಿಸಿದೆ ಎಂದರ್ಥ. ಆಮೇಲೆ, "ಈಗ ಕಾಲ್ಬೆರಳು ಆಡ್ಸು." ಕೈ ಆಡಿ ಕಾಲು ಆಡದಿದ್ದರೆ ಸರ್ಜನ್ ತಡಮಾಡದೆ ಕಂಬಿ ಸಡಿಲಿಸುತ್ತಾರೆ. ಈಗ ನರಗಳ ಸಂಕೇತ ತೋರಿಸುವ ಯಂತ್ರಗಳಿವೆ. ಆದರೂ ಅನುಮಾನ ಬಂದರೆ ಇದೇ ಹಳೇ ಪರೀಕ್ಷೆ.

ಮುಂಚೆ ಆಪರೇಷನ್ ಆದ ಮೇಲೆ ತಿಂಗಳುಗಟ್ಟಲೆ ಪ್ಲಾಸ್ಟರಿನಲ್ಲೇ ಮಲಗಬೇಕಿತ್ತು. ಈಗ ಬೇಗ ಎಬ್ಬಿಸಿ ನಡೆಸುತ್ತಾರೆ, ಕಫ ಕಟ್ಟದಂತೆ ಉಸಿರಿನ ವ್ಯಾಯಾಮ ಮಾಡಿಸುತ್ತಾರೆ. ಗಾಯಕ್ಕೆ ಅರಿಶಿನ ಮೆತ್ತುವ ಅಜ್ಜಿಯರ ಜತೆ ಮಾತ್ರ ನನ್ನ ಜಗಳ ತೀರಲೇ ಇಲ್ಲ. ಇನ್ನು ಬೀಡಿ: ಅದು ಎಲುಬು ಬೆಸೆಯಲು ಬಿಡುವುದಿಲ್ಲ. ಕಂಬಿ ಬರೀ ಆಸರೆ. ಎಲುಬು ಕೂಡಿಕೊಳ್ಳದಿದ್ದರೆ ಎಂಥ ಕಂಬಿಯೂ ಒಂದು ದಿನ ಮುರಿಯುತ್ತದೆ. ಅದಕ್ಕೇ ಊರಿಗೆ ಹೊರಟವರಿಗೆಲ್ಲ ಹೇಳುತ್ತಿದ್ದೆ: ಡಾಕ್ಟರು ಹೂಂ ಅನ್ನುವವರೆಗೆ ನೀರಿನ ಕೊಡ ಮುಟ್ಟಬೇಡಿ.